ಗಾಲಿಯಿಲ್ಲದ ಬಿಲ್ಲು

೧೯೮೬ರ ಒಂದು ಮಂಜಿನ ಬೆಳಗ್ಗೆ, ಸಾಂಟಾ ಕ್ಲಾರಾದ ಬಸ್ ಸ್ಟಾಪಿನಲ್ಲಿ ನನ್ನ ಹಿಂದೆ ಇಬ್ಬರು ಗೆಳೆಯರು ಕನ್ನಡದಲ್ಲಿ ಮಾತಾಡುತ್ತಿದ್ದರು. ಕೇಳಿಸಿಕೊಳ್ಳದೆ ಇರಲಾಗದೆ ತಿರುಗಿ ನೋಡಿದೆ. ಮಂಗಳೂರಿನ ಕಡೆಯವನ ಕೈಯಲ್ಲಿ ಹೊಸ ಮರದ ಬಿಲ್ಲಿತ್ತು. ಬೆಂಗಳೂರಿನವನು ಅದನ್ನು ಸವರಿ ನೋಡುತ್ತಿದ್ದ.

"ಇದ್ರಲ್ಲಿ ಗಾಲೀನೇ ಇಲ್ವಲ್ಲ, ಸರ್ವೋತ್ತಮ. ಎರಡೂ ತುದೀಲಿ ಗಾಲಿ ಇದ್ದ ಆ ಹಳೇ ಕಾಂಪೌಂಡ್ ಬಿಲ್ಲು ಏನಾಯ್ತು?"

"ಯಾರಿಗೋ ಕೊಟ್ಟೆ. ಅದರಲ್ಲಿ ಹಗ್ಗ ಎಳೆದ ಭಾರ ಎಲ್ಲ ಗಾಲಿಗಳೇ ಹೊರುದು. ಎಳೆದು ಹಿಡ್ಕೊಂಡು ತುಂಬ ಹೊತ್ತು ನಿಲ್ಲಬಹುದು."

"ಒಳ್ಳೇದೇ ಅಲ್ವಾ?"

"ಹೋದ ವರ್ಷ ಬೇಟೆಗೆ ಹೋದಾಗ ಹಾಗೇ ನಿಂತಿದ್ದೆ. ನಲವತ್ತು ಹೆಜ್ಜೆ ದೂರದಲ್ಲಿ ಜಿಂಕೆ ಮೇಯ್ತಾ ಇತ್ತು. ಬಾಣ ಬಿಟ್ಟೆ, ಬಿತ್ತು. ನಾನು ಅಲ್ಲಿ ಇದ್ದದ್ದೇ ಅದಕ್ಕೆ ಗೊತ್ತಾಗ್ಲಿಲ್ಲ ಮಾರಾಯ."

"ಇದ್ರಲ್ಲಿ?"

"ಹದಿನೈದು ಹೆಜ್ಜೆಯಷ್ಟು ಹತ್ತಿರ ಹೋಗಬೇಕು. ಜಿಂಕೆ ಹುಲ್ಲು ಜಗಿಯುದು ಕೇಳ್ತದೆ. ಎಳೆದರೆ ಕೂಡಲೇ ಬಿಡಬೇಕು, ಇಲ್ಲದಿದ್ರೆ ಕೈ ನಡುಗ್ತದೆ."

"ಅಷ್ಟು ಹತ್ರದಿಂದ ಬಿಡಕ್ಕೆ ನಿನ್ ಕೈಲಿ ಆಗುತ್ತಾ?"

"ಆಗುದಿಲ್ಲ ಅಂತ ಕಾಣ್ತದೆ."

"ಮತ್ತೆ ಈ ಬಿಲ್ಲು ಯಾಕೆ?"

ಮಂಜಿನೊಳಗಿಂದ ಅವರ ಬಸ್ಸು ಬಂತು. ಸರ್ವೋತ್ತಮ ಬಿಲ್ಲನ್ನು ಎದೆಗೊತ್ತಿಕೊಂಡು ಹತ್ತಿದ. ಬಾಗಿಲು ಮುಚ್ಚುವ ಮೊದಲು ಅವನ ದನಿ ಕೇಳಿಸಿತು.

"ಈ ಬಿಲ್ಲು ಇಲ್ಲದಿದ್ರೆ ನಾನು ಜಿಂಕೆಯ ಅಷ್ಟು ಹತ್ತಿರ ಹೋಗುದೇ ಇಲ್ಲ, ಅಲ್ವಾ?"