ಸಾವುಕಾರನಿಗೆ ನೆನಪಾಗದ ಮಧ್ಯಾಹ್ನ

ಒಂದು ಪೇಟೆಯಲ್ಲಿ ಒಬ್ಬ ಜವಳಿ ಸಾವುಕಾರ ಇದ್ದ. ಅವನನ್ನು ದುಂಡಪ್ಪ ಎಂದು ಕರೆಯೋಣ. ಹೆಸರಿಡದಿದ್ದರೆ ಅವನು ಬೇರೆ ಯಾರೋ ಎಂದುಕೊಂಡು ನೀವು ಹಾಯಾಗಿ ಕುಳಿತುಬಿಡುತ್ತೀರಿ. ಪೇಟೆಯ ನಟ್ಟನಡುವೆ ಮೂರು ಅಂತಸ್ತಿನ ಅಂಗಡಿ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಡವರ ಮದುವೆಗೆ ಸೀರೆ ಕೊಟ್ಟವನು, ನಮ್ಮ ಮಠದ ದಾಸೋಹಕ್ಕೆ ಅಕ್ಕಿ ಕಳಿಸಿದವನು. ಕೆಟ್ಟವನ ಕತೆ ಹೇಳಿದರೆ ಏನು ಉಪಯೋಗ? ಇಲ್ಲಿ ಕೆಟ್ಟವರು ಯಾರು ಕುಳಿತಿದ್ದೀರಿ ಹೇಳಿ? ಎಲ್ಲರೂ ಒಳ್ಳೆಯವರೇ. ಅದಕ್ಕೇ ಒಳ್ಳೆಯವನ ಕತೆ ಹೇಳುತ್ತಿದ್ದೇನೆ.

ಆ ಅಂಗಡಿಯ ಮೆಟ್ಟಿಲಿನ ಪಕ್ಕದಲ್ಲಿ ಸುವರ್ಣಾ ಎಂಬ ಹೆಣ್ಣುಮಗಳು ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುತ್ತಿದ್ದಳು. ಸಾವುಕಾರನಲ್ಲಿ ಸೀರೆ ಕೊಂಡವರು ಅಲ್ಲೇ ಫಾಲು ಹಚ್ಚಿಸಿಕೊಂಡು, ಸೆರಗಿಗೆ ಕುಚ್ಚು ಹಾಕಿಸಿಕೊಂಡು ಹೋಗುತ್ತಿದ್ದರು. ತಂದೆ ತಾಯಿ ಇರಲಿಲ್ಲ. ಒಬ್ಬನೇ ತಮ್ಮ, ಅಡಿವೆಪ್ಪ. ಇಪ್ಪತ್ತಾರು ವರ್ಷದ ಗಟ್ಟಿ ಆಳು, ಲಾರಿ ಆಫೀಸಿನಲ್ಲಿ ಹಮಾಲಿ. ದುಂಡಪ್ಪನ ಅಂಗಡಿಯ ಬಟ್ಟೆಯ ಗಂಟುಗಳನ್ನು ಮೂರನೇ ಅಂತಸ್ತಿಗೆ ಹೊತ್ತು ಹಾಕುತ್ತಿದ್ದವನೂ ಅವನೇ. ಒಂದು ದಿನ ಸೊಂಟ ಹಿಡಿಯಿತು. ಗಂಟು ಹೊರದಿದ್ದರೆ ಊಟವಿಲ್ಲ. ಜೊತೆಯವನೊಬ್ಬ ಎದುರಿನ ಡಬ್ಬಿ ಅಂಗಡಿ ತೋರಿಸಿದ. ಎಲೆ ಅಡಿಕೆ, ಸಿಗರೇಟು ಮಾರುವ ಡಬ್ಬಿ ಅಂಗಡಿ. ಅಲ್ಲಿ ಒಂದು ಮಾತ್ರೆ ಸಿಕ್ಕಿತು. ನೋವು ಹೋಯಿತು. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಮಾತ್ರೆ ಪುಡಿಯಾಯಿತು, ಪುಡಿ ಸೂಜಿಯಾಯಿತು. ಒಂದೂವರೆ ವರ್ಷದಲ್ಲಿ ಆ ಗಟ್ಟಿ ಆಳು ತನ್ನ ಅಂಗಿಯೊಳಗೆ ತಾನೇ ಅಲ್ಲಾಡುವ ಹಾಗೆ ಸಣ್ಣಗಾದ.

ಅಕ್ಕ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಮರ್ಯಾದೆ. ತಾಯಂದಿರೇ, ಈ ಮಾತು ನಿಮಗೆ ಗೊತ್ತು. "ನಮ್ಮ ಹುಡುಗಗ ಜ್ವರ ಬಂದಾವು" ಎಂದು ನೀವೂ ಹೇಳಿದ್ದೀರಿ. ಅವಳೂ ಹಾಗೆಯೇ ಹೇಳುತ್ತಾ ಬಂದಳು.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅಡಿವೆಪ್ಪ ಮುಚ್ಚಿದ ಟಾಕೀಸಿನ ಗೋಡೆಗೆ ಒರಗಿ ಕುಳಿತ. ಹತ್ತು ಗಂಟೆ ಎಂದರೆ ಪೇಟೆ ತುಂಬಿರುವ ಹೊತ್ತು. ಕುಳಿತವನು ಪಕ್ಕಕ್ಕೆ ವಾಲಿದ. ಜನ ಹಾದುಹೋದರು. ಕುಡಿದು ಮಲಗಿದ್ದಾನೆ ಎಂದುಕೊಂಡರು. ತರಕಾರಿ ಚೀಲ ಹಿಡಿದವರು ಹಾದುಹೋದರು, ಕಾಲೇಜಿಗೆ ಹೋಗುವವರು ಹಾದುಹೋದರು. ಒಬ್ಬ ಮೊಬೈಲ್ ಹಿಡಿದು ಚಿತ್ರ ತೆಗೆದ. ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹುಡುಕುತ್ತಾ ಬಂದ ಸುವರ್ಣಾ ಮುಟ್ಟಿ ನೋಡಿದಳು. ಮೈ ಆಗಲೇ ತಣ್ಣಗಾಗಿತ್ತು.

ಆಗ ಪೇಟೆ ಎದ್ದಿತು ನೋಡಿ! ಆ ಪುಡಿಯಿಂದ ಅದು ಆ ವರ್ಷದ ನಾಲ್ಕನೇ ಸಾವು. ಅಂಗಡಿಗಳೆಲ್ಲ ಬಾಗಿಲು ಹಾಕಿದವು. ದುಂಡಪ್ಪನೇ ಮುಂದಾಳು. ಮೈಕು ಹಿಡಿದು ಗಂಟಲು ಹರಿಯುವಂತೆ ಕೂಗಿದ. "ಈ ಪುಡಿ ಮಾರಾವ್ರನ್ನ ಗಲ್ಲಿಗೆ ಹಾಕ್ಬೇಕು! ಇವತ್ತ ಹಿಡೀತಾರ, ನಾಳೆ ಬಿಡ್ತಾರ. ಇದೇನು ಕಾಯ್ದೆನೋ, ಮಕ್ಕಳಾಟಿಕೀನೋ?" ಜನ ಚಪ್ಪಾಳೆ ತಟ್ಟಿದರು. ಅವನ ಸಿಟ್ಟು ಸುಳ್ಳಾಗಿರಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

ಎರಡು ದಿನಕ್ಕೆ ಪೊಲೀಸರು ಬಂದರು. ಮಟಮಟ ಮಧ್ಯಾಹ್ನ ಡಬ್ಬಿ ಅಂಗಡಿಯನ್ನು ಸುತ್ತುವರಿದು, ಸಾಕ್ಷಿಗೆಂದು ದುಂಡಪ್ಪನನ್ನೂ ಬಳೆ ಅಂಗಡಿಯವನನ್ನೂ ಕರೆದರು. ಇಬ್ಬರ ಕಣ್ಣೆದುರೇ ಎಲೆಯ ಬುಟ್ಟಿಯ ಕೆಳಗಿನಿಂದ ಪೊಟ್ಟಣಗಳು ಹೊರಬಂದವು. ಒಂದು ಪೊಟ್ಟಣ ಹರಿದು, ಬಿಳಿ ಪುಡಿ ದುಂಡಪ್ಪನ ಧೋತರದ ಮೇಲೆ ಬಿತ್ತು. ಅವನು ಅದನ್ನು ಅಸಹ್ಯದಿಂದ ಕೊಡವಿಕೊಂಡ. ಪೊಟ್ಟಣಗಳಿಗೆ ಅರಗಿನ ಮುದ್ರೆ ಒತ್ತಿದರು. ಪಂಚನಾಮೆ ಬರೆದರು. ದುಂಡಪ್ಪ ಓದಿ ಸಹಿ ಮಾಡಿದ. ಬಳೆ ಅಂಗಡಿಯವನೂ ಮಾಡಿದ. ಡಬ್ಬಿ ಅಂಗಡಿಯವನನ್ನು ಜೀಪಿಗೆ ಹತ್ತಿಸಿದಾಗ ಸುವರ್ಣಾ ಸಾವುಕಾರನ ಕಾಲು ಮುಟ್ಟಲು ಬಂದಳು. "ಕಾಲು ಬ್ಯಾಡವ್ವಾ, ನಾ ಅದೀನಿ" ಎಂದ ದುಂಡಪ್ಪ. ನಾ ಅದೀನಿ! ಎಂಥ ಮಾತು ನೋಡಿ.

ಕೆಲವು ತಿಂಗಳಿಗೆ ಆರೋಪಿಗೆ ಜಾಮೀನು ಸಿಕ್ಕಿತು. ಮೂರು ವರ್ಷ ಕಳೆಯಿತು. ಆಮೇಲೆ ಕೋರ್ಟಿನಿಂದ ಸಾವುಕಾರನಿಗೆ ಸಮನ್ಸು ಬಂತು.

ಅದೇ ವಾರ ಡಬ್ಬಿ ಅಂಗಡಿಯವನ ಅಣ್ಣ ಜವಳಿ ಅಂಗಡಿಗೆ ಬಂದ. ಬೈಯಲಿಲ್ಲ, ಹೆದರಿಸಲಿಲ್ಲ. ಹೆಂಡತಿಗೆ ಒಂದು ಇಳಕಲ್ ಸೀರೆ ಆರಿಸಿದ. ಹೋಗುವಾಗ ಕೈಮುಗಿದು, "ಸಾವಕಾರ್ರ, ನೀವೂ ಇದ ಬಜಾರದಾಗ ಇರಾವ್ರು, ನಾವೂ ಇಲ್ಲೇ ಇರಾವ್ರು. ದಿನಾ ಮಾರಿ ನೋಡ್ಬೇಕಲ್ಲರೀ" ಎಂದ. ಅಷ್ಟೇ.

ಮರುದಿನ ದುಂಡಪ್ಪ ನನ್ನ ಬಳಿ ಬಂದ. ಹೌದು, ನನ್ನ ಬಳಿಯೇ. ಇದನ್ನು ನಾನು ಪುರಾಣದಿಂದ ಹೇಳುತ್ತಿಲ್ಲ. "ಅಜ್ಜಾರ, ಏನ್ ಮಾಡ್ಲಿ? ಕೋರ್ಟಿಗೆ ಹೋಗಿ ಹೇಳಿದ್ರ ನಾಳೆ ಅಂಗಡಿಗೆ ಕಲ್ಲು ಬೀಳ್ತಾವೇನೋ ಅನಸ್ತದ. ಮನ್ಯಾಗೂ ಬ್ಯಾಡ ಅಂತಾರ" ಎಂದ. ನಾನು ಏನು ಹೇಳಬೇಕಿತ್ತು? ಹೋಗು, ಕಂಡದ್ದನ್ನು ಹೇಳು, ಬೇಕಾದರೆ ನಾನೂ ನಿನ್ನ ಜೊತೆ ಕಟಕಟೆಯವರೆಗೆ ಬರುತ್ತೇನೆ ಎನ್ನಬೇಕಿತ್ತು. ನಾನು ಹೇಳಿದ್ದು ಏನು ಗೊತ್ತೇ? "ನಿನ್ನ ಮನಸಾಕ್ಷಿ ಹೇಳಿದಂಗ ಮಾಡಪಾ." ಹಣೆಗೆ ವಿಭೂತಿ ಹಚ್ಚಿ ಕಳಿಸಿದೆ. ಹೆದರಿ ಬಂದವನಿಗೆ ಅದು ಉತ್ತರವೇ? ಕಾವಿ ಬಟ್ಟೆಯ ಹಿಂದೆ ಅಡಗಿ ನಾನೂ ತಪ್ಪಿಸಿಕೊಂಡೆ.

ಕೋರ್ಟಿನಲ್ಲಿ ಸುವರ್ಣಾ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ಅವತ್ತಿನ ಕೆಲಸ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಸರಕಾರಿ ವಕೀಲರು ಕಾಗದ ತೋರಿಸಿದರು.

"ಈ ಸಹಿ ನಿಮ್ಮದ ಏನ್ರಿ?"

"ಹೌದ್ರಿ, ನಂದ."

"ಪೊಟ್ಟಣ ನಿಮ್ಮ ಎದುರಿಗೇ ಸಿಕ್ಕಾವಲ್ಲ?"

ದುಂಡಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. "ನೆನಪಿಲ್ರಿ. ಪೊಲೀಸರು ಸಹಿ ಮಾಡ್ರಿ ಅಂದ್ರು, ಮಾಡಿನ್ರಿ. ಒಳಗ ಏನ್ ಬರದಾರ ನಾ ಓದಿಲ್ರಿ."

ನೆನಪಿಲ್ಲ. ಧೋತರದ ಮೇಲೆ ಬಿದ್ದ ಪುಡಿಯನ್ನು ಕೊಡವಿಕೊಂಡ ಕೈಗೆ ನೆನಪಿಲ್ಲ. ಸಾವುಕಾರನಿಗೇ ನೆನಪಿಲ್ಲ ಎಂದ ಮೇಲೆ ಬಳೆ ಅಂಗಡಿಯವನಿಗೆ ಎಲ್ಲಿಂದ ನೆನಪಾಗಬೇಕು? ಅವನೂ ಅದನ್ನೇ ಹೇಳಿ ಇಳಿದ.

ನ್ಯಾಯಾಧೀಶರು ಏನು ಮಾಡಬೇಕು ಹೇಳಿ? ಅವರು ಅವತ್ತು ಪೇಟೆಯಲ್ಲಿ ಇರಲಿಲ್ಲ. ಅವರಿಗೆ ಕಣ್ಣು ಎಂದರೆ ಸಾಕ್ಷಿಯ ಕಣ್ಣು, ಕಿವಿ ಎಂದರೆ ಸಾಕ್ಷಿಯ ಬಾಯಿ. ಡಬ್ಬಿ ಅಂಗಡಿಯವನು ಪುಡಿ ಮಾರಾಟ ಮಾಡುತ್ತಿದ್ದ ಎಂಬುದು ರುಜುವಾತಾಗಲಿಲ್ಲ. ಅಂಗಿಯ ಕಿಸೆಯಲ್ಲಿ ಸಿಕ್ಕ ಚಿಕ್ಕದೊಂದು ಪೊಟ್ಟಣ ಮಾತ್ರ ತನ್ನದೆಂದು ಅವನೇ ಒಪ್ಪಿಕೊಂಡ. ಅಷ್ಟಕ್ಕೆ ಒಂದಿಷ್ಟು ದಂಡ, ಆಗಲೇ ಜೈಲಿನಲ್ಲಿ ಕಳೆದ ತಿಂಗಳುಗಳೇ ಶಿಕ್ಷೆ. ಸಂಜೆಯ ಹೊತ್ತಿಗೆ ಮನೆಗೆ ಬಂದ. ಎಂಟನೇ ದಿನಕ್ಕೆ ಡಬ್ಬಿ ಅಂಗಡಿಯ ಬಾಗಿಲು ತೆರೆಯಿತು.

ಪೇಟೆ ಮತ್ತೆ ಎದ್ದಿತು. ಮತ್ತೆ ಬಂದ್, ಮತ್ತೆ ಮೈಕು. ಮತ್ತೆ ಯಾರು ಮುಂದೆ? ದುಂಡಪ್ಪ! ನಗಬೇಡಿ. ಜನ ಒತ್ತಾಯ ಮಾಡಿದರು, ಒಲ್ಲೆ ಎನ್ನಲು ಅವನಿಗೆ ನಾಚಿಕೆಯಾಯಿತು. "ಕಾಯ್ದೆ ಸತ್ತದ!" ಎಂದು ಕೂಗಿದ. ಆಮೇಲೆ ಸುವರ್ಣಾಳನ್ನು ಕಂಡು, "ಈಕಿ ಸತ್ತವನ ಅಕ್ಕ. ಮಾತಾಡವ್ವಾ" ಎಂದು ಮೈಕು ಅವಳ ಕೈಗೆ ಕೊಟ್ಟ.

ಅವಳು ಮೈಕನ್ನು ಬಾಯಿಗೆ ಹಿಡಿಯಲಿಲ್ಲ. ಕೆಳಗೆ ಹಿಡಿದೇ ಅವನಿಗಷ್ಟೇ ಕೇಳುವಂತೆ ಅಂದಳು. ಮೈಕು ಚಾಲೂ ಇತ್ತು, ಎಲ್ಲರಿಗೂ ಕೇಳಿಸಿತು.

"ಸಾವಕಾರ್ರ, ಕೋರ್ಟಿನ್ಯಾಗ ನಿಮಗ ನೆನಪಿರಲಿಲ್ಲ. ಇಲ್ಲಿ ಹೆಂಗ ನೆನಪಾತ್ರಿ?"

ಹಿಂದಿನಿಂದ ಯಾರೋ ಧಿಕ್ಕಾರ ಕೂಗಿದರು, ಎಲ್ಲರೂ ದನಿಗೂಡಿಸಿದರು. ಯಾರಿಗೆ ಧಿಕ್ಕಾರ ಎಂದು ಯಾರೂ ಕೇಳಲಿಲ್ಲ.

ಈಗ ನೀವು ಕಾಯುತ್ತಿದ್ದೀರಿ. ನನಗೆ ಗೊತ್ತು. ಸಾವುಕಾರನ ಮಗನೂ ಅದೇ ಚಟಕ್ಕೆ ಬಿದ್ದು ಸತ್ತ, ದೇವರು ಬುದ್ಧಿ ಕಲಿಸಿದ ಎಂದು ಸ್ವಾಮಿಗಳು ಹೇಳುತ್ತಾರೆ ಎಂದು ಕಾಯುತ್ತಿದ್ದೀರಿ. ಇಲ್ಲ. ಅವನ ಮಗ ಚೆನ್ನಾಗಿದ್ದಾನೆ. ಅಂಗಡಿಗೆ ನಾಲ್ಕನೇ ಅಂತಸ್ತು ಎದ್ದಿದೆ. ಆಮೇಲೆ ಅದೇ ಪುಡಿಗೆ ಸತ್ತವರು ಇಬ್ಬರು. ಒಬ್ಬ ಹೋಟೆಲಿನ ಅಡುಗೆಯವ, ಇನ್ನೊಬ್ಬಳು ನರ್ಸಿಂಗ್ ಓದುತ್ತಿದ್ದ ಹುಡುಗಿ. ಅವರಿಬ್ಬರಿಗೂ ಈ ಕತೆಗೂ ಏನೂ ಸಂಬಂಧವಿರಲಿಲ್ಲ. ನಮ್ಮ ತಪ್ಪಿನ ಶಿಕ್ಷೆ ನಮಗೇ ಬರುವ ಹಾಗಿದ್ದರೆ ಎಷ್ಟು ಸುಲಭ ಇರುತ್ತಿತ್ತು! ಅದು ಬೇರೆಯವರ ಮನೆಗೆ ಹೋಗುತ್ತದೆ. ಅದಕ್ಕೇ ನಮಗೆ ನಿದ್ದೆ ಬರುತ್ತದೆ.

ಸುವರ್ಣಾ ಆ ಮೆಟ್ಟಿಲು ಬಿಟ್ಟಳು. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಯಂತ್ರ ಹಾಕಿಕೊಂಡಿದ್ದಾಳೆ ಎಂದು ಕೇಳಿ ನಾನು ಹೋದೆ. "ತಂಗಿ, ನಂದೂ ತಪ್ಪಾತು" ಎಂದೆ. ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. "ಇರ್ಲಿ ಬಿಡ್ರಿ ಅಜ್ಜಾರ. ಹೇಳೂ ಹೊತ್ತಿನ್ಯಾಗ ಯಾರೂ ಹೇಳಲಿಲ್ಲ. ಈಗ ನನಗ ಹೇಳಿ ಏನ್ ಮಾಡೂದೈತ್ರಿ?" ಎಂದಳು.

ಶಿಕ್ಷೆ ಕಡಿಮೆಯಾಯಿತು, ಶಿಕ್ಷೆ ಕಡಿಮೆಯಾಯಿತು ಎಂದು ದಿನಾ ಪೇಪರು ಹಿಡಿದು ಬೈಯುತ್ತೀರಲ್ಲ, ಸಮನ್ಸು ಬಂದ ದಿನ ನೀವು ಎಲ್ಲಿರುತ್ತೀರಿ? ಪೊಲೀಸರು ಸಾಕ್ಷಿಗೆ ಕರೆದರೆ ಶಟರ್ ಎಳೆಯಬೇಡಿ. ಪಕ್ಕದ ಅಂಗಡಿಯವನು ಸಾಕ್ಷಿ ಹೇಳಲು ಹೊರಟರೆ ಅವನನ್ನು ಒಬ್ಬನೇ ಕಳಿಸಬೇಡಿ, ಹತ್ತು ಜನ ಜೊತೆಗೆ ಹೋಗಿ. ಒಬ್ಬನ ಅಂಗಡಿಗೆ ಕಲ್ಲು ಬೀಳುತ್ತದೆ, ಹತ್ತು ಅಂಗಡಿಗೆ ಯಾರು ಎಸೆಯುತ್ತಾರೆ? ನಾನೂ ಬರುತ್ತೇನೆ. ಈ ಸಲ ವಿಭೂತಿ ಹಚ್ಚಿ ಕಳಿಸುವುದಿಲ್ಲ, ಬರುತ್ತೇನೆ. ಮನೆಯಲ್ಲಿ ಮಗ ಸಣ್ಣಗಾಗುತ್ತಿದ್ದರೆ ಜ್ವರ ಎನ್ನಬೇಡಿ ತಾಯಂದಿರೇ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಕುಡಿದಿದ್ದಾನೆ ಎಂದು ದಾಟಿ ಹೋಗಬೇಡಿ. ಬಗ್ಗಿ, ಮುಟ್ಟಿ ನೋಡಿ. ಉಸಿರಿದ್ದರೆ ಆಂಬುಲೆನ್ಸ್ ಬರುವವರೆಗೆ ಕೂತುಕೊಳ್ಳಿ.

ನೀವು ಇದನ್ನು ಮಾಡುತ್ತೀರಿ ಎಂಬ ನಂಬಿಕೆ ನನಗಿಲ್ಲ. ಈ ಮಾತನ್ನು ನಾಲ್ಕು ಊರುಗಳಲ್ಲಿ ಹೇಳಿದ್ದೇನೆ. ನಾಲ್ಕು ಊರಿನಲ್ಲೂ ಜನ ಕಣ್ಣೊರೆಸಿಕೊಂಡು, ಪ್ರಸಾದ ತೆಗೆದುಕೊಂಡು ಮನೆಗೆ ಹೋದರು. ಇಲ್ಲಿಂದ ಹೊರಗೆ ಹೋಗುವ ದಾರಿಯಲ್ಲಿ, ಎಡಕ್ಕೆ ತಿರುಗಿದರೆ, ಅಂಥದೇ ಒಂದು ಡಬ್ಬಿ ಅಂಗಡಿ ಇದೆ. ನಿಮಗೂ ಗೊತ್ತು, ನನಗೂ ಗೊತ್ತು. ಅದರ ಮುಂದೆ ಹಾಯುವಾಗ ಇವತ್ತು ಒಂದು ದಿನ ಮುಖ ತಿರುಗಿಸಬೇಡಿ. ನಿಂತು ನೋಡಿ. ಕಂಡದ್ದನ್ನು ಕಂಡೆ ಎನ್ನಿ.