ಎಡ ಮೇಲೆ, ಬಲ ಕೆಳಗೆ

ಇದು ಮೂರನೆಯ ಸಲ ಮೊದಲಿಂದ ಶುರು ಮಾಡುತ್ತಿರುವುದು. ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ಕಾಲು ಚಾಚಲು ಜಾಗ ಬೇಕು, ಮತ್ತೊಬ್ಬರಿಗೆ ಆ ಮುದುಕಿಗೆ ಕಾಲಿತ್ತೋ ಇಲ್ಲವೋ ಅನ್ನುವುದು ಈಗಲೇ ಗೊತ್ತಾಗಬೇಕು. ಇತ್ತು. ಕಾಲೂ ಇತ್ತು, ಕಾಲುಚೀಲವೂ ಇತ್ತು. ಇನ್ನೊಮ್ಮೆ ಯಾರಾದರೂ ನಡುವೆ ಬಾಯಿ ಹಾಕಿದರೆ ದೀಪ ಆರಿಸಿ ಮಲಗಿಬಿಡುತ್ತೇನೆ, ಕತೆ ಅರ್ಧಕ್ಕೇ ಉಳಿಯಲಿ. ಮಗುವನ್ನು ಮಲಗಿಸಲು ಒಂದು ಗಂಟೆ ಹಿಡಿದಿದೆ. ಮೆಲ್ಲಗೆ ಹೇಳುತ್ತೇನೆ, ಮೆಲ್ಲಗೆ ಕೇಳಿ.

ಇದು ನಡೆದದ್ದು ನಮ್ಮ ಪಕ್ಕದ ಮನೆಯ ನಾಮಿಯೆಗೆ.

ನಾಮಿಯೆಗೆ ನಲವತ್ತೆರಡು ವರ್ಷ. ಗಂಡನಿಲ್ಲ, ಮಕ್ಕಳಿಲ್ಲ. ಬೆಟ್ಟದ ಕಡೆಯ ತಿರುವಿನಲ್ಲಿರುವ ಬುದ್ಧಮಂದಿರದ ಛತ್ರದಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಯಾತ್ರಿಕರಿಗೆ ಹಾಸಿಗೆ ಹಾಸುವುದು, ಊಟದ ತಟ್ಟೆ ಒಯ್ಯುವುದು, ಬೆಳಗಿನ ಪೂಜೆಗೆ ಎಬ್ಬಿಸುವುದು. ಈ ಕತೆ ನಡೆಯುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಉತ್ತರದ ಊರಿನಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ಹಿಮ ಬಿದ್ದು ರೈಲು ನಿಂತಿತ್ತು. ನಾಮಿಯೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಅಸ್ಥಿಯ ಡಬ್ಬಿಯನ್ನು ಕೈಗೆ ಕೊಟ್ಟ. ಡಬ್ಬಿ ಇನ್ನೂ ಬೆಚ್ಚಗಿತ್ತಂತೆ.

ಆಮೇಲೆ ಅವಳ ಮಾತು ನಿಂತೇಹೋಯಿತು. ನಮ್ಮ ಮನೆಗೆ ಬಂದರೂ ಬಾಗಿಲಲ್ಲೇ ನಿಂತು ಮಗುವಿನ ಕೆನ್ನೆ ಸವರಿ ಹೋಗುತ್ತಿದ್ದಳು. ಛತ್ರದಲ್ಲಂತೂ ದಿನಕ್ಕೆ ಅವಳ ಬಾಯಿಂದ ಬರುತ್ತಿದ್ದುದು ಮೂರೇ ಮಾತು. "ಚಪ್ಪಲಿ ಇಲ್ಲಿ ಬಿಡಿ." "ಸ್ನಾನ ಒಂಬತ್ತರವರೆಗೆ." "ಎಡ ಮೇಲೆ, ಬಲ ಕೆಳಗೆ."

ಈ ಮೂರನೆಯದು ಹೊರದೇಶದವರಿಗೆ. ಛತ್ರದಲ್ಲಿ ಕೊಡುವ ನಿಲುವಂಗಿಯನ್ನು ಅವರು ಹೇಗೆಂದರೆ ಹಾಗೆ ಸುತ್ತಿಕೊಂಡು ಓಡಾಡುತ್ತಾರೆ. ಬಲಗಡೆಯ ಅಂಚು ಮೇಲೆ ಬಂದರೆ ಅದು ಹೆಣದ ಉಡುಗೆ. ಹೆಣಕ್ಕೆ ಮಾತ್ರ ಹಾಗೆ ಉಡಿಸುವುದು, ಗಂಟನ್ನೂ ಉದ್ದಕ್ಕೆ ನಿಲ್ಲಿಸಿ ಕಟ್ಟುವುದು. ಪಾಪ, ಅವರಿಗೇನು ಗೊತ್ತು? ನಗುನಗುತ್ತಾ ಹೆಣದ ಉಡುಗೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾಮಿಯೆ ದಿನಕ್ಕೆ ಹತ್ತು ಜನರ ಕೊರಳಪಟ್ಟಿಗೆ ಕೈ ಹಾಕಿ ಅಂಚು ಬದಲಿಸುತ್ತಿದ್ದಳು. ಅವಳ ಕೈಗೆ ಅದು ಉಸಿರಾಡಿದಷ್ಟು ಅಭ್ಯಾಸ.

ಹೋದ ವರ್ಷ ಫೆಬ್ರವರಿ. ಛತ್ರ ಖಾಲಿ. ಮರುದಿನ ಮಾತ್ರ ಕುವಾಜಿಮಾ ಮನೆಯವರು ಬರುವವರಿದ್ದರು. ಅವರ ಮನೆಯ ಹಿರಿಯಳು ಸತ್ತ ನಲವತ್ತೊಂಬತ್ತನೆಯ ದಿನದ ಪೂಜೆ. ಸತ್ತವರು ಅಂದಿಗೆ ಈ ಲೋಕ ಬಿಟ್ಟು ತಮ್ಮ ದಾರಿ ಹಿಡಿಯುತ್ತಾರೆ. ಎಲುಬಿನ ಚೂರನ್ನು ಮಂದಿರದಲ್ಲಿ ಇಟ್ಟು ಹೋಗುವುದು.

ನಾಮಿಯೆ ಪೇಟೆಯಿಂದ ಸೀಮೆಎಣ್ಣೆ ಡಬ್ಬ ಹೊತ್ತು ಹತ್ತಿ ಬರುತ್ತಿದ್ದಳು. ಕತ್ತಲಾಗಿತ್ತು. ದೇವದಾರು ಮರಗಳ ಕೆಳಗೆ ದಾರಿ. ಮೇಲಿನಿಂದ ಹಿಮ ಜಾರಿ ಬೀಳುವುದು... ಧೊಪ್. ಡಬ್ಬದೊಳಗೆ ಎಣ್ಣೆ... ಗುಳಕ್, ಗುಳಕ್. ಬೇರೆ ಸದ್ದಿಲ್ಲ. ಮಂದಿರದ ಬಾಗಿಲಿಗಿಂತ ಸ್ವಲ್ಪ ಕೆಳಗೆ ಒಂದು ಹಳೆಯ ಬಾವಿ ಇದೆಯಲ್ಲ, ಬಿದಿರಿನ ಮುಚ್ಚಳದ್ದು... ಅದರ ಪಕ್ಕ ಯಾರೋ ನಿಂತಿದ್ದರು.

"ಯಾರದು?"

"ಛತ್ರ ಇದೇನಾ?" ಮುದುಕಿಯ ಪಿಸುದನಿ.

"ಇದೇ. ಬರ್ತೀವಿ ಅಂತ ಹೇಳಿದ್ರಾ?"

"ನಾಳೆಗೆ ಹೇಳಿದಾರೆ. ನಾನೊಬ್ಬಳೇ ಮುಂಚೆ ಬಂದೆ."

"ಕುವಾಜಿಮಾ ಮನೆಯೋರಾ?"

"ಹೂಂ..."

"ಕಡೇ ಬಸ್ಸು ಹೋಗಿ ಗಂಟೆ ಆಯ್ತಲ್ಲ ಅಜ್ಜಿ. ನಡ್ಕೊಂಡು ಬಂದ್ರಾ?"

"ದಾರಿ ಸಲೀಸಾಗಿತ್ತು."

ಹಿಮದಲ್ಲಿ ಹೆಜ್ಜೆಗುರುತು ಇತ್ತೋ ಇಲ್ಲವೋ ಎಂದು ಕೇಳಬೇಡಿ. ಎಣ್ಣೆಡಬ್ಬ ಹೊತ್ತವರು ನೆಲ ನೋಡುತ್ತಾ ಕೂರುವುದಿಲ್ಲ. ನಾಮಿಯೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮೂಲೆಯ ಕೋಣೆ ಕೊಟ್ಟಳು, ಒಲೆ ಹಚ್ಚಿದಳು. ಹಿತ್ತಲ ಮನೆಯಲ್ಲಿ ಮಂದಿರ ನೋಡಿಕೊಳ್ಳುವ ಗೆನ್‌ಶೋ ಸ್ವಾಮಿ ಆಗಲೇ ಮಲಗಿದ್ದರು. ಅವರನ್ನೇಕೆ ಎಬ್ಬಿಸುವುದು ಎಂದು ಇದ್ದುದನ್ನೇ ತಟ್ಟೆಯಲ್ಲಿಟ್ಟು ತಂದಳು. ಅನ್ನ, ಸಾರು, ಉಪ್ಪಿನಕಾಯಿ, ಎಳ್ಳು ಅರೆದು ಒಲೆಯ ಮೇಲೆ ತಿರುವಿ ಗಟ್ಟಿ ಮಾಡಿದ ತೋಫು.

ಮುದುಕಿ ಊಟ ಮುಟ್ಟಲಿಲ್ಲ. ತೋಫುವನ್ನೇ ನೋಡಿದಳು.

"ಇದನ್ನ ತಿರುವಿದೋರು ಯಾರು?"

"ನಮ್ಮ ಸ್ವಾಮಿ."

"ಅರ್ಧದಲ್ಲಿ ಕೈ ನೋವು ಬಂದಿದೆ ಅವನಿಗೆ. ಬದಿಯಲ್ಲಿ ಗಂಟು ನೋಡು. ಮಂತ್ರ ಹೇಳೋವಾಗ್ಲೂ ಹೀಗೇ ಮಧ್ಯ ಮಧ್ಯ ಬಿಡ್ತಾನೋ ಏನೋ."

ನಾಮಿಯೆ ನಕ್ಕಳು. ವರ್ಷವಾಗಿತ್ತು ಅವಳು ನಕ್ಕು. ಆ ನಗು ತನಗೇ ಹೊಸದಾಗಿ ಕೇಳಿಸಿತಂತೆ. ಎದ್ದು ಹೋಗಬೇಕಾದವಳು ಹೋಗಲಿಲ್ಲ. ಒಲೆಯ ಮೇಲೆ ಕೆಟಲ್... ಸೊಂಯ್... ಎನ್ನುತ್ತಿತ್ತು. ಅಲ್ಲೇ ಮಂಡಿಯೂರಿ ಕೂತಳು. ಮುದುಕಿ ಒಂದೊಂದೇ ಕೇಳಿದಳು, ಇವಳು ಒಂದೊಂದೇ ಹೇಳಿದಳು. ತಾಯಿಯ ವಿಷಯ, ನಿಂತ ರೈಲಿನ ವಿಷಯ, ಬೆಚ್ಚಗಿದ್ದ ಡಬ್ಬಿಯ ವಿಷಯ. ಸ್ವಂತ ಅಣ್ಣನ ಹತ್ತಿರ ಆಡದಿದ್ದ ಮಾತುಗಳು.

ಆಮೇಲೆ ಮುದುಕಿ ಮೇಲಿನ ಕೋಟು ಕಳಚಿದಳು.

ಒಳಗೆ ಬಿಳಿಯ ಉಡುಗೆ. ನಮ್ಮ ಬೆಟ್ಟಕ್ಕೆ ಬರುವ ಯಾತ್ರಿಕರೆಲ್ಲ ಬಿಳಿಯೇ ಉಡುತ್ತಾರಲ್ಲ, ಅದರಲ್ಲೇನು? ಆದರೆ ಬಲಗಡೆಯ ಅಂಚು ಮೇಲಿತ್ತು.

"ಅಯ್ಯೋ ಅಜ್ಜಿ, ನೀವೂನಾ? ಹೊರಗಿನೋರಿಗೆ ಗೊತ್ತಾಗಲ್ಲ ಅಂದ್ರೆ ಒಪ್ಪಬಹುದು. ಈ ವಯಸ್ಸಲ್ಲಿ ನಿಮಗೆ ನಾನು ಹೇಳ್ಕೊಡಬೇಕಾ?"

"ನನಗೆ ಹೀಗೇ ಉಡಿಸಿದ್ರು."

"ಯಾರು?"

"ಸೊಸೆ. ಅಳ್ತಾ ಇದ್ದಳು. ಕೈ ನಡುಗ್ತಾ ಇತ್ತು."

ಈ ಮಾತು ನಾಮಿಯೆಯ ಕಿವಿಗೆ ಬಿತ್ತು. ಬಿದ್ದದ್ದು ತಲೆಗೆ ಹೋಗಬೇಕಲ್ಲ! ಅಷ್ಟರಲ್ಲಿ ಅವಳ ಕೈ ತನ್ನ ಕೆಲಸ ಶುರು ಮಾಡಿಯಾಗಿತ್ತು. ಉದ್ದಕ್ಕೆ ನಿಂತಿದ್ದ ಗಂಟು ಬಿಚ್ಚಿದಳು. ಎಡ ಮೇಲೆ, ಬಲ ಕೆಳಗೆ. ಅಡ್ಡಕ್ಕೆ ಗಂಟು ಹಾಕಿ ತಟ್ಟಿದಳು. ಬಟ್ಟೆ ಐಸಿನ ಹಾಗಿತ್ತು. ಹೊರಗಿನ ಚಳಿ ಇರಬೇಕು ಅಂದುಕೊಂಡಳು.

ಮುದುಕಿ ತನ್ನ ಎದೆಯನ್ನೇ ಬಗ್ಗಿ ನೋಡಿಕೊಂಡಳು. ತುಂಬಾ ಹೊತ್ತು.

"ಹಾಗಾದ್ರೆ... ನಾನು ಮನೆಗೆ ಹೋಗಬಹುದಾ?"

"ಯಾಕೆ ಹೋಗಬಾರದು ಅಜ್ಜಿ? ಬೆಳಿಗ್ಗೆ ಆರೂವರೆಗೆ ಬಸ್ಸಿದೆ."

ಅತಿಥಿಗಳಿದ್ದ ರಾತ್ರಿ ನಾಮಿಯೆ ಛತ್ರದಲ್ಲೇ ಉಳಿಯುತ್ತಾಳೆ, ಅಲ್ಲಿನ ತನ್ನ ಕೋಣೆಗೆ ಬಂದು ಮಲಗಿದಳು. ಅರೆನಿದ್ದೆಯಲ್ಲಿ ಮೂಲೆಯ ಕೋಣೆಯ ಬಾಗಿಲು ಸರಿದದ್ದು ಕೇಳಿಸಿತು. ಸರ್ರ್... ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ... ಟಕ್.

ಬೆಳಿಗ್ಗೆ ಕೋಣೆ ಖಾಲಿ. ಹಾಸಿಗೆಯಲ್ಲಿ ಒಂದು ಸುಕ್ಕಿಲ್ಲ.

"ಯಾವ ಮುದುಕಿ?" ಗೆನ್‌ಶೋ ಸ್ವಾಮಿ ಹುಬ್ಬೇರಿಸಿದರು. "ಹೆಬ್ಬಾಗಿಲಿನ ಅಗಳಿ ಈಗ ತಾನೆ ನಾನೇ ತೆಗೆದೆ. ಬೀರುವಿನಲ್ಲಿರೋ ನನ್ನ ಜ್ಞಾನದ ನೀರು ಕುಡಿದಿಲ್ಲ ತಾನೆ ನೀನು?"

ಜ್ಞಾನದ ನೀರು ಅಂದರೆ ಮದ್ಯ. ಸ್ವಾಮಿಗಳ ಬಾಯಲ್ಲಿ ಅದಕ್ಕೆ ಆ ಹೆಸರು.

"ಅದರಲ್ಲಿ ನನಗೆ ಉಳಿಸೋ ಅಭ್ಯಾಸ ನಿಮಗೆಲ್ಲಿದೆ?" ಎಂದು ನಾಮಿಯೆ ತಿರುಗಿಸಿ ಹೇಳಿದಳಾದರೂ ಕಸಬರಿಕೆ ಹಿಡಿದ ಕೈ ನಿಂತೇ ಇತ್ತು. ಒಳಗಿಂದ ಹಾಕಿದ್ದ ಅಗಳಿ. ಹಾಗಾದರೆ ಅಜ್ಜಿ ಹೊರಗೆ ಹೋದದ್ದು ಹೇಗೆ?

ಮಧ್ಯಾಹ್ನ ಕುವಾಜಿಮಾ ಮನೆಯಿಂದ ಮಗನೊಬ್ಬನೇ ಬಂದ. ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಪುಟ್ಟ ಪೆಟ್ಟಿಗೆ. ಪೂಜೆ ಸಂಜೆಯೇ ಮುಗಿಯಿತು. ಎಲುಬನ್ನು ಬೆಳಿಗ್ಗೆ ಒಳಗಿಡುವುದು ಎಂದಾಯಿತು. ಊಟಕ್ಕೆ ನಾಮಿಯೆ ತಟ್ಟೆ ಇಟ್ಟಳು. ಅವನು ತೋಫುವನ್ನು ಬಾಯಿಗಿಟ್ಟು ತಲೆಯಾಡಿಸಿದ.

"ಅಮ್ಮ ಇದ್ದಿದ್ರೆ ತಿರುವಿದೋರ ಕೈ ನೋವು ಎಲ್ಲಿ ಶುರುವಾಯ್ತು ಅಂತ ಹೇಳಿಬಿಡ್ತಿದ್ದಳು."

ನಾಮಿಯೆ ಚಹಾ ಸುರಿಯುತ್ತಿದ್ದಳು. ಚಹಾ ಬಟ್ಟಲು ದಾಟಿ ಚಾಪೆಗೆ ಹರಿಯಿತು.

"ಮನೆಯೋರು ಯಾರೂ ಬರಲಿಲ್ಲವಾ?" ಚಾಪೆ ಒರೆಸುತ್ತಾ ಕೇಳಿದಳು. ಏನಾದರೂ ಕೇಳಬೇಕಿತ್ತಲ್ಲ.

"ಹೆಂಡತಿ ಹೆದರಿ ಜ್ವರ ಹಿಡ್ಕೊಂಡಿದಾಳೆ. ಇವತ್ತು ಬೆಳಗಿನ ಜಾವ ಅಡುಗೆಮನೆ ಬಾಗಿಲು ಸರಿದ ಹಾಗಾಯ್ತು. ಅರ್ಧಕ್ಕೆ ನಿಂತು, ಆಮೇಲೆ ಟಕ್ ಅಂತು. ಅಮ್ಮ ಹಾಗೇ ಎಳೀತಿದ್ದಳು. ಮಂಡಿ ನೋವು ಅವಳಿಗೆ." ಅವನು ನಗಲು ನೋಡಿದ. "ಎದ್ದು ನೋಡಿದೆ, ಯಾರಿಲ್ಲ. ಗಾಳಿ ಅಂದೆ. ಗಾಳಿಗೂ ಮಂಡಿ ನೋವಾ ಅಂದಳು ಇವಳು."

ನಾಮಿಯೆ ಒರೆಸಿದ ಚಾಪೆಯನ್ನೇ ಮತ್ತೆ ಒರೆಸಿದಳು. ಹೇಗೆ ಹೇಳುತ್ತಾಳೆ? ನಿಮ್ಮ ಅಮ್ಮನಿಗೆ ನಾನು ಬದುಕಿದವರ ಹಾಗೆ ಉಡಿಸಿ ಮನೆಗೆ ಕಳಿಸಿದೆ ಎಂದೇ?

ಅಂದು ರಾತ್ರಿ ಅವಳು ಮಲಗಲಿಲ್ಲ. ಹಾಸಿಗೆ ಪೇರಿಸಿಡುವ ಕೋಣೆಯಲ್ಲಿ ಒಲೆ ಮುಂದೆ ಕೂತಳು. ಕಾಯುತ್ತಿದ್ದಳು. ಹೆದರಿಕೆಯಾಗಲಿಲ್ಲವಾ ಎಂದು ನಾನೇ ಕೇಳಿದ್ದೇನೆ. ಆಯಿತಂತೆ. ಅಜ್ಜಿ ಬರದೆ ಇದ್ದುಬಿಟ್ಟರೆ ಎಂದು.

ಹನ್ನೆರಡು ದಾಟಿತು. ಮರದಿಂದ ಹಿಮ... ಧೊಪ್. ಹೊರಗಿನ ಪಡಸಾಲೆಯ ಹಲಗೆ... ಕೀಂಯ್... ಇನ್ನೊಂದು ಹಲಗೆ... ಕೀಂಯ್. ಬಾಗಿಲು ಸರಿಯಿತು. ಅರ್ಧಕ್ಕೆ ನಿಂತಿತು. ಟಕ್.

ಮುದುಕಿ ಬಂದು ಕೂತಳು. ಎಡ ಮೇಲೆ, ಬಲ ಕೆಳಗೆ. ಗಂಟು ಹಾಗೇ ಇತ್ತು.

"ಹೋಗಿದ್ರಾ?" ನಾಮಿಯೆ ಪಿಸುಗುಟ್ಟಿದಳು.

"ಹೋಗಿದ್ದೆ. ನನ್ನ ಜಾಗದಲ್ಲೇ ಕೂತೆ. ಮಗ ಸೋಯಾ ಶೀಶೆ ಕೇಳಿದ. ಸೊಸೆ ನನ್ನೆದೆಯೊಳಗಿಂದಲೇ ಕೈ ಚಾಚಿ ಕೊಟ್ಟಳು. ಇದೇನು ಇಷ್ಟು ಚಳಿ ಅಂತ ಕೈ ಉಜ್ಕೊಂಡಳು... ಅಷ್ಟೇ."

ಒಲೆ ಸೊಂಯ್ ಎಂದಿತು.

"ಮೊದಲಿನ ಹಾಗೆ ಉಡಿಸಿಬಿಡು, ಮಗಳೇ. ಇವತ್ತಿಗೆ ನಲವತ್ತೊಂಬತ್ತು. ಬೆಳಗಾದ್ರೆ ನನಗೆ ದಾರಿ ಇಲ್ಲ."

"ನೀವೇ ಉಟ್ಕೊಳ್ಳಿ."

"ಸತ್ತೋರು ತಾವೇ ಉಟ್ಕೊಳ್ತಾರೇನೇ ಹುಚ್ಚಿ?"

ನಾಮಿಯೆ ಕೈಗಳನ್ನು ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಂಡಳು. ಹಟ ಹಿಡಿದ ಮಗುವಿನ ಹಾಗೆ.

"ಇಲ್ಲೇ ಇದ್ದುಬಿಡಿ ಅಜ್ಜಿ. ಅಲ್ಲಿ ಯಾರಿಗೂ ಕಾಣಲ್ಲ, ಸರಿ. ನನಗೆ ಕಾಣ್ತೀರಲ್ಲ? ಮೂಲೆ ಕೋಣೆ ಯಾರಿಗೂ ಕೊಡಲ್ಲ ನಾನು. ದಿನಾ ಒಲೆ ಹಚ್ತೀನಿ. ಸ್ವಾಮಿ ಮಾಡಿದ ತೋಫುನ ಬೈಕೊಂಡು ಕೂರೋಣ. ನನಗೆ... ನನಗೆ ಮಾತಾಡೋಕೆ ಯಾರಿಲ್ಲ ಅಜ್ಜಿ."

ಮುದುಕಿ ಗದರಲಿಲ್ಲ. ಮುಖದ ಮೇಲೆ ಬಿದ್ದಿದ್ದ ನಾಮಿಯೆಯ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು. ಬೆರಳು ಐಸು.

"ನೀನು ಸಾಯೋವರೆಗೆ ನಿನಗೆ ಕಾಣ್ತೀನಿ. ಆಮೇಲೆ? ನಿನ್ನನ್ನ ಯಾರಾದ್ರೂ ಬಲ ಮೇಲೆ ಮಾಡಿ ಕಳಿಸ್ತಾರೆ. ನಾನು ಇದೇ ಅಂಗಿಯಲ್ಲಿ ಈ ಪಡಸಾಲೆಯಲ್ಲಿ ಓಡಾಡ್ತಾ ಇರ್ತೀನಿ. ಒಬ್ಬಳೇ. ಒಬ್ಬಳೇ ಇರೋದು ಹೇಗಿರುತ್ತೆ ಅಂತ ನಿನಗೆ ನಾನು ಹೇಳ್ಬೇಕಾ?"

ನಾಮಿಯೆ ಅತ್ತಳು. ಸದ್ದು ಮಾಡದೆ ಅತ್ತಳು, ಪಕ್ಕದ ಕೋಣೆಯಲ್ಲಿ ಅಜ್ಜಿಯ ಮಗ ಮಲಗಿದ್ದನಲ್ಲ. ಆಮೇಲೆ ತೋಳಿನಿಂದ ಕೈ ತೆಗೆದಳು. ಗಂಟು ಬಿಚ್ಚಿದಳು. ಹನ್ನೊಂದು ವರ್ಷದ ಅಭ್ಯಾಸದ ಕೈ, ಬೇಡ ಬೇಡ ಎಂದು ಎಡದ ಅಂಚನ್ನೇ ಹಿಡಿಯಿತು. ಬಿಡಿಸಿದಳು. ಮತ್ತೆ ಅದನ್ನೇ ಹಿಡಿಯಿತು. ಮೂರನೆಯ ಸಲಕ್ಕೆ ಎಡವನ್ನು ಕೆಳಗಿಟ್ಟಳು, ಬಲವನ್ನು ಮೇಲೆ ತಂದಳು. ಅವಸರ ಮಾಡಲಿಲ್ಲ. ಕೊರಳ ಹತ್ತಿರದ ಮಡಿಕೆಯನ್ನು ಬೆರಳಿನಿಂದ ನೀವಿ ನೀವಿ ಕೂರಿಸಿದಳು. ಸೊಸೆಯ ನಡುಗುವ ಕೈಯಲ್ಲಿ ಸೊಟ್ಟಗಾಗಿದ್ದ ಬೆನ್ನಿನ ಹೊಲಿಗೆಯನ್ನೂ ನೆಟ್ಟಗೆ ಮಾಡಿದಳು. ಗಂಟನ್ನು ಉದ್ದಕ್ಕೆ ನಿಲ್ಲಿಸಿ ಕಟ್ಟಿದಳು.

"ಹಾಂ... ಈಗ ಬೆಚ್ಚಗಾಯ್ತು," ಅಂದಳು ಮುದುಕಿ. ಎದ್ದಳು. ಹಲಗೆ ಕೀಂಯ್ ಎನ್ನಲಿಲ್ಲ.

ಬೆಳಿಗ್ಗೆ ಮಗ ಪೆಟ್ಟಿಗೆಯನ್ನು ಒಳಗಿಟ್ಟು, ಕೈಮುಗಿದು, ಬಸ್ಸು ಹತ್ತಿ ಹೋದ. ಮತ್ತೆ ಅವರ ಮನೆಯ ಬಾಗಿಲು ತಾನಾಗಿ ಸರಿಯಲಿಲ್ಲ ಎಂದು ಬೇಸಿಗೆಯಲ್ಲಿ ಕಾಗದ ಬರೆದಿದ್ದ. ನಾಮಿಯೆಯ ಬೆರಳುಗಳು ಮಾತ್ರ ಏಪ್ರಿಲ್‌ವರೆಗೆ ಬೆಚ್ಚಗಾಗಲಿಲ್ಲ. ನಮ್ಮ ಮಗುವಿನ ಕೆನ್ನೆ ಸವರಿದಾಗ ಅದು ಕಿಟಾರನೆ ಕಿರುಚಿತ್ತು. ನಾನೂ ಮುಟ್ಟಿ ನೋಡಿದ್ದೇನೆ, ಇದೇ ಕೈಯಿಂದ. ಯಾಕೆ ಹಾಗಾಯಿತು ಎಂದು ನನ್ನನ್ನು ಕೇಳಬೇಡಿ. ಆದದ್ದು ಆಯಿತು. ಸುಳ್ಳು ಅನ್ನುವವರು ಈಗಲೇ ಎದ್ದು ಹೋಗಿ ಅವಳ ಬಾಗಿಲು ತಟ್ಟಿ ನೋಡಿ, ಮೊದಲಿಂದ ಕೊನೆಯವರೆಗೆ ಇದನ್ನೇ ಹೇಳುತ್ತಾಳೆ.

ಒಂದನ್ನು ಮಾತ್ರ ಅವಳ ಎದುರು ಎತ್ತಬೇಡಿ. ಅಂದು ರಾತ್ರಿ ಮುದುಕಿ ಬಾಗಿಲಿನವರೆಗೆ ಹೋದವಳು ನಿಂತು, ತನ್ನ ಕೊರಳಿನ ಮಡಿಕೆಯನ್ನು ಮುಟ್ಟಿಕೊಂಡು, ತಿರುಗಿ ಕೇಳಿದ್ದಳಂತೆ. ಅಣ್ಣನನ್ನು ನಾಮಿಯೆ ಅದನ್ನು ಕೇಳಿಯೇ ಇರಲಿಲ್ಲ. ಇವತ್ತಿಗೂ ಕೇಳಿಲ್ಲ.

"ನಿನ್ನ ಅಮ್ಮನಿಗೆ ಯಾರು ಉಡಿಸಿದ್ರು, ಮಗಳೇ?"