ಗಿಟಾರಿನ ಕತ್ತಿಗೆ ಹತ್ತು ಚುಕ್ಕಿ

ಅಲ್ಲ, ಅಲ್ಲ, ಅದು ಬೇಡ! ಆ ಬಿಳಿ ಬಟನ್ ತೆಗಿ ರುಕಿಯಾ... ತೆಗಿ ಮಾರಾಯ್ತಿ! ಇಟ್ಟದ್ದೇ ಗೊತ್ತಾಗುವುದಿಲ್ಲ. ಮರವೇ ಬೆಳ್ಳಗೆ, ಅದರ ಮೇಲೆ ಬಿಳಿ ಚುಕ್ಕಿ ಕೂರಿಸಿದರೆ ಯಾರಿಗೆ ಕಾಣ್ತದೆ? ಎಂತ ನಗುವುದು ನೀನು? ನಗಬೇಡ, ಬಟನ್ ಉರುಳ್ತದೆ... ನೋಡು, ಉರುಳಿತು! ಮಂಚದ ಅಡಿಗೆ ಹೋಯಿತು. ಹೋಗಲಿ ಬಿಡು. ನಿನ್ನ ಬಟನ್ ಡಬ್ಬದಲ್ಲಿ ಅರ್ಧ ಕಲ್ಲಡ್ಕಕ್ಕೆ ಸಾಕಾಗುವಷ್ಟು ಉಂಟು.

ಆ ಹೊಲಿಗೆ ಒಂದು ಐದು ನಿಮಿಷ ಬಿಡು. ರವಿಕೆ ನಾಡಿದ್ದು ಕೊಟ್ಟರೆ ಮದುಮಗಳು ಓಡಿಹೋಗುವುದಿಲ್ಲ. ಆದರೆ ಗಿಟಾರ್ ಮಾಸ್ಟರ್ ಉಜ್ವಲ್ ನಾಳೆ ಹನ್ನೊಂದಕ್ಕೆ ಮೂಡುಬಿದಿರೆಯಿಂದ ಬಂದು ನಿಲ್ತಾನೆ. ಅಷ್ಟರೊಳಗೆ ಈ ಹತ್ತು ಚುಕ್ಕಿ ಎಂತದ್ದು, ಎಷ್ಟು ದೊಡ್ಡದು ಅಂತ ನಾವು ತೀರ್ಮಾನ ಮಾಡ್ಬೇಕು. ನಾವು ಅಂದ್ರೆ ನೀನು! ನಾನು ಬರೇ ಬಡಗಿ. ನೀನು ದಾರದ ಅಂಗಡಿಯಲ್ಲಿ ಒಂದೇ ಕೆಂಪಿನಲ್ಲಿ ಏಳು ಕೆಂಪು ಹುಡುಕುವವಳು.

ಎಂತ? ಚುಕ್ಕಿ ಯಾಕೆ ಅಂತಲಾ? ಅಯ್ಯೋ, ಒಳ್ಳೆ ಪ್ರಶ್ನೆ! ಬಾ, ಇಲ್ಲಿ ಕೂತುಕೋ. ಇದು ಕತ್ತು. ಇದರ ಮೇಲೆ ಅಡ್ಡಕ್ಕೆ ಲೋಹದ ಪಟ್ಟಿ ಹೊಡೆದಿದ್ದೇನಲ್ಲ, ಇದಕ್ಕೆ ಫ್ರೆಟ್ ಅಂತಾರೆ, ಎರಡರ ನಡುವೆ ಒಂದೊಂದು ಮನೆ. ಬಾರಿಸುವವನ ಬೆರಳು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡ್ತಾ ಇರ್ತದೆ. ಎಷ್ಟನೆಯ ಮನೆ ಅಂತ ಅವನಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ಚುಕ್ಕಿ. ಮೂರು, ಐದು, ಏಳು, ಒಂಬತ್ತು, ಮತ್ತೆ ಆಚೆ ಹದಿನೈದು, ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದು, ಒಂದೊಂದು. ನಡುವೆ ಹನ್ನೆರಡನೆಯದಕ್ಕೆ ಎರಡು. ಯಾಕೆ ಎರಡು ಹೇಳು? ಅಲ್ಲಿ ಬಾರಿಸುವ ತಂತಿಯ ಸರಿ ಅರ್ಧ ಆಗ್ತದೆ! ಹೊರಟ ಸ್ವರವೇ ಪುನಃ ಬರ್ತದೆ, ಸ್ವಲ್ಪ ಎತ್ತರದಲ್ಲಿ... ನಿನಗೆ ನಿದ್ದೆ ಬಂತಾ? ಇಲ್ಲ ತಾನೆ? ಸರಿ.

ಹೌದು, ಈ ಮೇಪಲ್ ಮರ ಶಾರ್ಜಾದ್ದೇ. ಹೋಟೆಲಿನ ಕಪಾಟು ಮಾಡಿ ಉಳಿದ ತುಂಡು. ಕಂಬಳಿಯಲ್ಲಿ ಸುತ್ತಿ ತಂದದ್ದು. ಕಸ್ಟಮ್ಸಿನವ ಬಿಚ್ಚಿ ನೋಡಿ, "ಇದೆಂತದು?" ಅಂತ ಕೇಳಿದ. "ಕಟ್ಟಿಗೆ" ಅಂದೆ. "ನಿಮ್ಮ ಊರಲ್ಲಿ ಕಟ್ಟಿಗೆ ಇಲ್ವಾ?" ಅಂತ ಅವ! ಪೆಟ್ಟಿಗೆ ಬಿಚ್ಚಿದ ದಿನ ನೀನು ಸಹ ಹಾಗೇ ಮುಖ ಮಾಡಿದ್ದೆ. ಸೆಂಟು ಇಲ್ಲ, ಖರ್ಜೂರ ಇಲ್ಲ, ಬರೇ ಮರ, ಉಳಿ, ಕೀಸುಳಿ...

ಈಗ ಇದು ನೋಡು. ಎಮ್ಮೆ ಕೊಂಬು. ತುಂಬ ಕಪ್ಪು, ಅಲ್ವಾ? ದೂರದಿಂದ ಕಾಣ್ತದೆ, ಆದರೆ... ಹಾಂ, ಅದೇ! ಇರುವೆ ಕೂತ ಹಾಗೆ ಕಾಣ್ತದೆ. ನನಗೂ ಹಾಗೇ ಅನ್ನಿಸಿತು. ಮತ್ತೆ ಇದು, ನೀಲಿ ಚಿಪ್ಪು. ಹತ್ತಿರದಿಂದ ನವಿಲಿನ ಹಾಗೆ, ನಾಲ್ಕು ಹೆಜ್ಜೆ ಹಿಂದೆ ಹೋದರೆ ಮಾಯ. ಸ್ಟೇಜಿನ ಲೈಟಿಗೆ ಹೊಳೆದು ಅವನ ಕಣ್ಣಿಗೇ ಚುಚ್ಚುತ್ತದೆ.

ಕಣ್ಣು ಮುಚ್ಚು. ಮುಚ್ಚು ಅಂದೆ! ಕದ್ದು ನೋಡುವುದಲ್ಲ... ಆಯಿತು, ಈಗ ತೆಗಿ. ಹ್ಯಾಗೆ? ಎಂತದು ಹೇಳು? ಹೇಳು, ಹೇಳು... ಗೆರಟೆ! ತೆಂಗಿನ ಗೆರಟೆ! ನಿನ್ನೆ ನೀನು ಚಟ್ನಿಗೆ ಕಾಯಿ ತುರಿದು ಎಸೆದದ್ದೇ. ಕೊರೆದು, ಉಜ್ಜಿ, ಒಂದು ತೊಟ್ಟು ಎಣ್ಣೆ ಹಾಕಿದೆ ಅಷ್ಟೆ. ನೋಡು ಆ ಬಣ್ಣ! ಪೂರ್ತಿ ಕಪ್ಪಲ್ಲ, ಒಳಗೆ ಸಣ್ಣ ಸಣ್ಣ ಕಂದು ಗೆರೆ ಉಂಟು. ಬೆಳ್ಳಗಿನ ಮರದ ಮೇಲೆ ಎಷ್ಟು ಚಂದ ಕೂತಿತು! ಒಂದರ ಹಾಗೆ ಇನ್ನೊಂದು ಇಲ್ಲ. ಇದೇ ಅಲ್ವಾ? ಇದೇ! ಬೆರಳಲ್ಲಿ ಮುಟ್ಟಿ ನೋಡು. ನೋಡಿದೆಯಾ, ನಿನಗೂ ಕೈ ತೆಗೆಯಲಿಕ್ಕೆ ಮನಸ್ಸಾಗುವುದಿಲ್ಲ!

ಅಳತೆ? ಆರು ಮಿಲ್ಲಿಮೀಟರ್ ಸಾಕು. ಅಂಗಿಯ ಕಾಲರಿನ ಬಟನಿಗಿಂತಲೂ ಸಣ್ಣದು. ಹೂವಿನ ಆಕಾರ? ಬೇಡವಾ? ನಾನು ಹೂವು ಕೊರೀಬಹುದು... ಆಯಿತು, ಆಯಿತು, ಗುಂಡಗೆಯೇ ಇರಲಿ. ಅಮ್ಮಣ್ಣಿಯವರ ಅಪ್ಪಣೆ!

ಗೊತ್ತುಂಟಾ, ತೋಡಾರಿಗೆ ಮಗಳ ಮನೆಗೆ, ಫರ್ಹಾನಳನ್ನು ನೋಡಲು ಹೋದ ದಿನ ನಾನು ಸುಮ್ಮನೆ ಮೂಡುಬಿದಿರೆ ಪೇಟೆಗೆ ಹೋಗಿ ಬರುವ ಅಂತ ಹೊರಟದ್ದು. ಉಜ್ವಲ್‌ನ ಕ್ಲಾಸಿನ ಬಾಗಿಲಲ್ಲಿ ಕತ್ತು ಸೊಟ್ಟಗಾದ ಒಂದು ಗಿಟಾರ್ ಕಂಡಿತು. ಶಾರ್ಜಾದ ರೂಮಿನಲ್ಲಿ ಆ ಫಿಲಿಪ್ಪೀನಿನವನ ಗಿಟಾರ್ ಎಷ್ಟು ಸಲ ರಿಪೇರಿ ಮಾಡಿಲ್ಲ ನಾನು! ಕೈ ತುರಿಸಿತು. ಅರ್ಧ ಗಂಟೆಯಲ್ಲಿ ಸರಿ ಮಾಡಿ ಕೊಟ್ಟೆ. ಅವ ಬಾರಿಸಿ ನೋಡಿ, "ಖಲೀಲಣ್ಣ, ನನಗೊಂದು ಹೊಸತು ಮಾಡಿ ಕೊಡಿ" ಅಂದ. ನನಗೆ! ಇಪ್ಪತ್ತೇಳು ವರ್ಷ ಬೇರೆಯವರ ಮನೆಯ ಕಪಾಟು ಮಾಡಿದವನಿಗೆ!

ಈಗ ಚುಕ್ಕಿ ಕೂರಿಸಿ, ಮೇಲೆ ವಾರ್ನಿಷ್. ಎಂಟು ಕೋಟ್. ಆಮೇಲೆ ನೇತಾಡಿಸಿ ಇಡ್ಬೇಕು, ಒಂದೂವರೆ ತಿಂಗಳು. ಅವಸರ ಮಾಡಿದರೆ ಬೆರಳಿನ ಗುರುತು ಬೀಳ್ತದೆ. ದಿನಾ ಬೆಳಿಗ್ಗೆ ನಾನೇ ನೋಡ್ತಾ ಇರ್ತೇನೆ. ಮತ್ತೆ ತಂತಿ ಕಟ್ಟುವುದು, ಅದೂ ನನ್ನ ಕೈಯಿಂದಲೇ. ಅವನ ಕಾರ್ಯಕ್ರಮಕ್ಕೆ ನಾವಿಬ್ಬರೂ ಮೂಡುಬಿದಿರೆಗೆ ಹೋಗುವ, ಮುಂದಿನ ಸಾಲಿನಲ್ಲೇ ಕೂರುವ...

ಎಂತ?

ಯಾಕೆ ಹಾಗೆ ನೋಡುವುದು?

ಓ... ಗುರುವಾರ. ಹೌದಲ್ಲ, ಬರುವ ಗುರುವಾರ ನಾನು ಹೊರಡುವುದು... ಅದು... ಯಾರಿಗಾದರೂ ಹೇಳಿ ತಂತಿ ಕಟ್ಟಿಸುವ. ಅಥವಾ ರಜೆ ಇನ್ನೂ ಸ್ವಲ್ಪ ಹೆಚ್ಚಿಸಬಹುದು. ಕೊಡ್ತಾರೆ, ಫೋರ್ಮನ್ ನನ್ನ ಮಾತು ತೆಗೆದುಹಾಕುವುದಿಲ್ಲ... ಟಿಕೆಟ್? ಮೊಬೈಲಿನಲ್ಲಿ ಉಂಟಲ್ಲ. ಚಾರ್ಜ್ ಮುಗಿದಿದೆ. ಆಮೇಲೆ ತೋರಿಸ್ತೇನೆ...

ಮೊಬೈಲ್ ಚಾರ್ಜಿಗೆ ಇಡುವುದು ಬೇಡ ರುಕಿಯಾ.

ಇಲ್ಲ. ಟಿಕೆಟ್ ಇಲ್ಲ.

ಕೆಲಸದಿಂದ ಓಡಿಸಲಿಲ್ಲ, ನಾನೇ ಬಿಟ್ಟದ್ದು. ಇನ್ನೂ ಎರಡು ವರ್ಷದ ಕರಾರಿನ ಕಾಗದ ಎದುರಿಗೆ ಇಟ್ಟಿದ್ದರು, ಪೆನ್ನು ಸಹ ಕೊಟ್ಟಿದ್ದರು. ಆ ದಿನ ಬೆಳಿಗ್ಗೆ ಒಂದು ಮನೆಯಲ್ಲಿ ಬಾಗಿಲು ಕೂರಿಸ್ತಾ ಇದ್ದೆ. ಮನೆಯ ಯಜಮಾನ ಸಾಮಾನು ಹಿಡಿದುಕೊಂಡು ಬಂದ. ಒಳಗಿನಿಂದ ಹೆಂಡತಿ ಕೇಳಿದಳು, "ಉಪ್ಪು ಎಲ್ಲಿ?" ಅವ ಉಪ್ಪು ಮರೆತಿದ್ದ. ಅವಳು ಬೈದಳು ನೋಡು... ಎಂಥ ಬೈಗುಳ! ಅವ ತಲೆ ಕೆರೀತಾ ಪುನಃ ಅಂಗಡಿಗೆ ಹೋದ. ಅಷ್ಟೇ. ಅಷ್ಟಕ್ಕೇ ನಾನು ಡ್ರಿಲ್ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತೆ, ಕಣ್ಣೀರು ಜೊತೆಯವರಿಗೆ ಕಾಣಬಾರದು ಅಂತ.

ನನ್ನನ್ನು ಯಾರೂ ಉಪ್ಪಿಗೆ ಕಳಿಸಲಿಲ್ಲ ರುಕಿಯಾ. ಮದುವೆಯಾಗಿ ಇಪ್ಪತ್ತೇಳು ವರ್ಷ. ಎಲ್ಲ ರಜೆ ಒಟ್ಟು ಸೇರಿಸಿದರೆ ಈ ಮನೆಯಲ್ಲಿ ನಾನು ಇದ್ದದ್ದು ಎರಡೂವರೆ ವರ್ಷ. ಬಂದಾಗಲೆಲ್ಲ ನೀನು ಶೋಕೇಸಿನ ಪ್ಲೇಟು ಇಳಿಸ್ತಿ. ಅಡುಗೆಕೋಣೆಗೆ ಕಾಲಿಡಲಿಕ್ಕೆ ಬಿಡುವುದಿಲ್ಲ. "ನೀವು ಕೂತುಕೊಳ್ಳಿ, ಕೂತುಕೊಳ್ಳಿ..."

ಐವತ್ತು ದಿನ ಆಯಿತು, ಹೇಳಲಿಕ್ಕೆ ಧೈರ್ಯ ಬರಲಿಲ್ಲ. ನೀನು ಒಬ್ಬಳೇ ಎಲ್ಲ ನಡೆಸಿದವಳು. ಮಗಳನ್ನು ಓದಿಸಿ, ಮದುವೆ ಮಾಡಿ... ನಿನಗೆ ನಿನ್ನದೇ ಒಂದು ರೂಢಿ ಉಂಟು. ಈ ಮನುಷ್ಯ ಇನ್ನು ದಿನಾ ಇಲ್ಲಿಯೇ ಇರ್ತಾನಾ ಅಂತ ನಿನಗೆ ಅನ್ನಿಸಿದರೆ? ಅದಕ್ಕೇ ಮೊದಲು ಒಂದು ಗಿಟಾರ್ ಮುಗಿಸುವ, ಕೈಯಲ್ಲಿ ಕೆಲಸ ಉಂಟು ಅಂತ ತೋರಿಸುವ, ಮತ್ತೆ ಹೇಳುವ ಅಂತ...

ಬೈಯುವುದಾದರೆ ಬೈ.

ಎಲ್ಲಿಗೆ ಏಳುವುದು? ರುಕಿಯಾ... ಅರೆ, ಕೈ ಯಾಕೆ ಎಳೆಯುವುದು? ಬರ್ತೇನೆ, ಬರ್ತೇನೆ... ಅಡುಗೆಕೋಣೆಗಾ? ನಾನಾ?

ಇದೆಂತದು, ಹಿಂದಿನ ಬಾಗಿಲಾ? ಯಾಕೆ ಹಗ್ಗ ಕಟ್ಟಿದ್ದಿ? ಇರು, ನಾನು ಬಿಚ್ತೇನೆ... ಯಾ ಅಲ್ಲಾಹ್, ಬಾಗಿಲು ಕೈಗೇ ಬಂತು! ಬಿಜಾಗ್ರಿ ಮೇಲಿನದ್ದು ಕಿತ್ತೇ ಹೋಗಿದೆಯಲ್ಲ! ಮುಚ್ಚುವುದು ಹೇಗೆ ನೀನು? ಮೊಣಕಾಲು ಕೊಟ್ಟು ಎತ್ತಿ... ದಿನಾ ಹಾಗೆಯಾ?

ಯಾವಾಗಿನಿಂದ? ಬಾಯಿ ಬಿಟ್ಟು ಹೇಳು, ಬೆರಳು ಎಂತ ತೋರಿಸುವುದು... ಆರು? ಆರು ತಿಂಗಳಾ?

ಆರು ವರ್ಷ!

ಅಷ್ಟರಲ್ಲಿ ಮೂರು ಸಲ ಬಂದು ಹೋದೆನಲ್ಲ ನಾನು! ಶಾರ್ಜಾದಲ್ಲಿ ಎಷ್ಟು ಸಾವಿರ ಬಾಗಿಲು... ನನಗೆ ಹೇಳಲಿಲ್ಲ ಯಾಕೆ?

...ಓ.

ರಜೆಗೆ ಬಂದವನಿಗೆ ಹೇಗೆ ಹೇಳುವುದು ಅಂತ.

ಅಯ್ಯೋ ರುಕಿಯಾ, ನೀನೂ ನನ್ನ ಹಾಗೆಯೇ ಹೇಳಲಿಕ್ಕೆ ಆಗದೆ ಇದ್ದೆಯಾ!

ಸರಿ, ಆ ಕಡೆ ಹಿಡಿ. ಸ್ವಲ್ಪ ಎತ್ತು... ಇನ್ನೂ ಸ್ವಲ್ಪ. ಹಾಂ, ಹಾಗೇ ಇರು, ಸ್ಕ್ರೂ ತರ್ತೇನೆ... ಎಂತ? ಕಿಟಕಿಯಾ? ಅದೂ ಮುಚ್ಚುವುದಿಲ್ಲವಾ? ಮತ್ತೆ ಅಲ್ಲಿ... ಬಚ್ಚಲಿನ ಬಾಗಿಲು ಸಹ! ಮೇಲಿನ ಕಪಾಟು! ನಿಲ್ಲು, ನಿಲ್ಲು, ಒಂದೊಂದೇ... ಅಲ್ಲ, ನಿಲ್ಲಬೇಡ. ತೋರಿಸು ಮಾರಾಯ್ತಿ, ಎಲ್ಲ ತೋರಿಸು!